ನಮ್ಮ ಅರ್ಧ ಬಾವಿ

ಬೋಳಾರದ ನಮ್ಮ ಮನೆಯ ಬಾವಿ ಅರ್ಧ ಮಾತ್ರ ನಮ್ಮದು. ಇನ್ನರ್ಧ ಪಕ್ಕದ ಮನೆಯ ಬಾಯಮ್ಮನದು. ನಮ್ಮಜ್ಜ ತನ್ನ ಜಾಗದಲ್ಲಿ ಒಂದು ಪಾಲನ್ನು ಬಾಯಮ್ಮನ ಮಾವನಿಗೆ ಮಾರಿದಾಗ ಗಡಿ ಸರಿಯಾಗಿ ಬಾವಿಯ ನಡುವೆಯೇ ಹಾದುಹೋಯಿತಂತೆ. ಬಾವಿ ಯಾರಿಗೆ ಎಂದು ಕೋರ್ಟು ಕಚೇರಿ ಅಲೆಯುವ ಬದಲು ಇಬ್ಬರೂ ಹಿರಿಯರು ಬಾವಿಯ ಬಾಯಿಗೆ ಅಡ್ಡಲಾಗಿ ಕಲ್ಲಿನ ತೊಲೆ ಹಾಕಿಸಿ, ಅದರ ಮೇಲೆ ಕಾಂಪೌಂಡ್ ಗೋಡೆ ಕಟ್ಟಿಸಿಬಿಟ್ಟರು. ಆಚೆಗೊಂದು ರಾಟೆ, ಈಚೆಗೊಂದು ರಾಟೆ. ಮೇಲೆ ಗೋಡೆ, ಕೆಳಗೆ ಒಂದೇ ನೀರು. ಹೊಸದಾಗಿ ನೋಡಿದವರು ನಗುತ್ತಾರೆ. ನಗಲಿ ಬಿಡಿ, ಮಂಗಳೂರಿನ ಹಳೆಯ ಓಣಿಗಳಲ್ಲಿ ಇಂಥ ಬಾವಿಗಳು ಇನ್ನೂ ಇವೆ.

ಬಾಯಮ್ಮ ಎಂದರೆ ಅವರ ಹೆಸರಲ್ಲ. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ತುಳುವರಾದ ನಾವು ಹಾಗೆ ಕರೆಯುವುದು ರೂಢಿ. ನಮ್ಮ ಬಾಯಮ್ಮ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಅಮ್ಮನ ಜೊತೆ ತುಳು, ಗಂಡನ ಜೊತೆ ಕೊಂಕಣಿ, ನನ್ನ ಜೊತೆ ಮಾತ್ರ ಕನ್ನಡ. ನನಗೆ ನಲವತ್ತು ದಾಟಿದರೂ ಅವರ ಕಣ್ಣಿಗೆ ನಾನಿನ್ನೂ ಮೂರನೇ ಕ್ಲಾಸಿನವಳೇ. ಬಾವಿಕಟ್ಟೆಯ ಅಂಚಿನಲ್ಲಿ, ಗೋಡೆಯಲ್ಲಿ ಒಂದು ಕಿಂಡಿ ಉಂಟು. ಕ್ರಿಸ್‌ಮಸ್‌ಗೆ ಅತ್ತಣಿಂದ ಕುಸ್ವಾರ್ ತಿಂಡಿಯ ತಟ್ಟೆ ಬಂದದ್ದು, ಅಷ್ಟಮಿಗೆ ಇತ್ತಣಿಂದ ಎಲೆಯಲ್ಲಿ ಬೇಯಿಸಿದ ಮೂಡೆ ಕಡುಬು ಹೋದದ್ದು ಎಲ್ಲ ಈ ಕಿಂಡಿಯಲ್ಲಿಯೇ. ಕೈ ತಪ್ಪಿದರೆ ನೇರ ನೀರಿಗೆ. ಒಮ್ಮೆ ನಾನು ಹೀಗೆ ಒಂದು ತಟ್ಟೆ ಎಳ್ಳುಂಡೆಯನ್ನು ಬಾವಿಗೆ ಅರ್ಪಿಸಿ ಎರಡೂ ಮನೆಯವರಿಂದ ಬೈಸಿಕೊಂಡಿದ್ದೇನೆ.

ಅಮ್ಮನ ಮಲ್ಲಿಗೆ ಗಿಡಗಳಿಗೂ ಬುಡ ಈ ಕಿಂಡಿಯೇ. ಬಾಯಮ್ಮ ತಮ್ಮ ಅಂಗಳದ ಮಲ್ಲಿಗೆಯಿಂದ ಒಂದು ಗೆಲ್ಲು ಮುರಿದು ಕೊಟ್ಟಿದ್ದರು. ಅದರಿಂದ ಒಂದಾಗಿ, ಹತ್ತಾಗಿ, ಬಾವಿಕಟ್ಟೆಯ ಸುತ್ತ ನಮ್ಮ ಕಡೆ ಈಗ ಮಲ್ಲಿಗೆಯದೇ ರಾಜ್ಯ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹೂವಿನ ಅಂಗಡಿಗೆ ಕಳುಹಿಸುವುದು ಅಮ್ಮನ ದಿನಚರಿ. ಬಾಯಮ್ಮ ತಮ್ಮ ಗಿಡಗಳನ್ನು ಬಿಟ್ಟು ಕೆಲವು ವರ್ಷವಾಯಿತು. ಗಂಡನಿಗೆ ಲಕ್ವ ಹೊಡೆದ ಮೇಲೆ ಅವರಿಗೆ ಗಿಡದ ಕಡೆ ನೋಡಲಿಕ್ಕೆ ಪುರುಸೊತ್ತು ಎಲ್ಲಿ?

ಆ ಗಂಡ, ಕ್ರೈಸ್ತ ಗಂಡಸರನ್ನು ತುಳುವರು ಕರೆಯುವ ಹಾಗೆ ನಮ್ಮ ಬಾಯಲ್ಲಿ ಪೊರ್ಬುಲು, ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ನಾನು ಡಾಕ್ಟರೇಟ್ ಮುಗಿಸಿದ ದಿನ ಓಣಿಗೆಲ್ಲ ಕೇಳುವ ಹಾಗೆ ನನಗೆ 'ನೀರಿನ ಡಾಕ್ಟರ್' ಎಂದು ಹೆಸರಿಟ್ಟರು. ಲಕ್ವದ ನಂತರ ಅವರಿಗೆ ಉಳಿದ ಮಾತುಗಳೇ ಸ್ವಲ್ಪ. ಅವುಗಳಲ್ಲಿ 'ಡಾಕ್ಟರ್' ಒಂದು ಎಂಬುದು ನನ್ನ ದೊಡ್ಡ ಹೆಮ್ಮೆ. ಹಿತ್ತಲಿನ ಮೂಲೆಯ ಹಳೆಯ ಕಕ್ಕಸಿನವರೆಗೆ ಅವರನ್ನು ನಡೆಸಿಕೊಂಡು ಹೋಗುವುದು ಆಗದ ಮಾತಾದ್ದರಿಂದ ಬಾಯಮ್ಮ ಮಲಗುವ ಕೋಣೆಗೆ ತಾಗಿಯೇ ಹೊಸ ಟಾಯ್ಲೆಟ್ ಕಟ್ಟಿಸಿ, ಗೋಡೆಯ ಆಚೆ ಅದಕ್ಕೊಂದು ಗುಂಡಿ ತೋಡಿಸಿದ್ದರು. ಆ ಗುಂಡಿ ಬಾವಿಗೆ ಇರಬೇಕಾದಷ್ಟು ದೂರದಲ್ಲಿ ಇರಲಿಲ್ಲ. ಇರುವ ಅಂಗೈಯಗಲ ಜಾಗದಲ್ಲಿ ದೂರ ಎಲ್ಲಿಂದ ತರುವುದು?

ನನ್ನ ಕೆಲಸ ಕೊಳೆಗೆ ಅದರ ಊರು ಯಾವುದೆಂದು ಹುಡುಕಿ ಕೊಡುವುದು. ನೀರಿನಲ್ಲಿ ಏನು ಸೇರಿದೆ ಎಂದು ಯಾವ ಲ್ಯಾಬಾದರೂ ಹೇಳುತ್ತದೆ. ಅದು ಎಲ್ಲಿಂದ ಬಂತು ಎಂದು ಹೇಳುವುದಕ್ಕೆ ಐಸೋಟೋಪ್ ಬೇಕು. ಒಂದೇ ಧಾತುವಿನಲ್ಲಿ ಹಗುರದ ಪರಮಾಣುವೂ ಇರುತ್ತದೆ, ಸ್ವಲ್ಪ ಭಾರದ್ದೂ ಇರುತ್ತದೆ, ಇವೇ ಐಸೋಟೋಪ್‌ಗಳು. ಯಾವುದು ಎಷ್ಟಿದೆ ಎಂದು ಅಳೆದರೆ ಕೊಳೆ ಯಾವ ದಾರಿಯಾಗಿ ಬಂತು ಎಂದು ಬಹುಪಾಲು ತಿಳಿಯುತ್ತದೆ. ಕೂಳೂರು ಸೇತುವೆಯ ಕೆಳಗೆ, ಗುರುಪುರ ನದಿಯ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ಬಾಟಲಿ ತುಂಬಿಸುವುದು ನನ್ನ ಪಾಡು. ಗಾಳ ಹಾಕುತ್ತಾ ಕೂತವರು ಮರುವಾಯಿ ಸಿಕ್ಕಿತಾ ಮೇಡಂ ಎಂದು ಕೇಳುತ್ತಾರೆ, ನಾನು ಚಿಪ್ಪು ಹೆಕ್ಕುವವಳೆಂದು ತಿಳಿದು. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದು. ಕೊಳೆ ನಮ್ಮದು ಎಂದು ಒಪ್ಪಿದ ಒಬ್ಬನನ್ನೂ ನಾನು ಕಂಡಿಲ್ಲ. ಎಲ್ಲರದೂ ಪಕ್ಕದವನಿಂದಲೇ ಬಂದದ್ದು.

ಈ ಮಾತು ನಮ್ಮ ಮನೆಯ ಬಾವಿಕಟ್ಟೆಗೇ ಬಂದು ಕೂರುತ್ತದೆಂದು ನಾನು ಎಣಿಸಿರಲಿಲ್ಲ. ದುಬಾಯಿಯಲ್ಲಿರುವ ತಮ್ಮನ ಹೆಂಡತಿ ಬಾಣಂತನ ಮುಗಿಸಿ, ತವರಿನಿಂದ ಕೂಸನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದಳು. ತಾಯಿಯ ಹಾಲು ಸಾಲದೆ ಬಾಟಲಿ ಹಾಲನ್ನೂ ಕೊಡಬೇಕಾಗಿತ್ತು. ಯಾವ ನೀರಿನಲ್ಲಿ ಕದಡುತ್ತೀರಿ ಎಂದು ಮಕ್ಕಳ ಡಾಕ್ಟರು ಕೇಳಿದರಂತೆ. ನಮ್ಮ ಬಾವಿ ನೀರು ಕಲ್ಲುಸಕ್ಕರೆ ಎಂದು ಅಮ್ಮ ಎದೆಯುಬ್ಬಿಸಿ ಹೇಳಿ ಬಂದಳು. ಊರ ನದಿಯನ್ನೆಲ್ಲ ಅಳೆಯುವವಳು ಮನೆಯ ಬಾವಿಯನ್ನು ಅಳೆದಿರಲಿಲ್ಲ. ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಒಯ್ದೆ.

ನೈಟ್ರೇಟ್ ಮಿತಿ ಮೀರಿತ್ತು. ದೊಡ್ಡವರಿಗೆ ಕೂಡಲೇ ಏನೂ ಆಗದು, ಆದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರುವುದನ್ನೇ ಅದು ಕೆಡಿಸಬಹುದು. ನಾವು ಕುದಿಸಿಯೇ ಕೊಡುವುದಲ್ವಾ ಎಂದಳು ಅಮ್ಮ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಎಂದು ನಾನು ಹೇಳಬೇಕಾಯಿತು. ಅಮ್ಮ ಎದ್ದು ಒಳಗೆ ಓಡಿದಳು. ಕೂಸು ತೊಟ್ಟಿಲಲ್ಲಿ ಕಾಲು ಬಡಿಯುತ್ತಾ ಆರಾಮವಾಗಿಯೇ ಇತ್ತು, ದೇವರು ದೊಡ್ಡವನು. ಅಂದಿನಿಂದ ಅದರ ಹಾಲಿಗೆ ನಳ್ಳಿಯ ನೀರು, ಎಂದರೆ ಪಾಲಿಕೆ ತುಂಬೆ ಅಣೆಕಟ್ಟಿನಿಂದ ಕೊಡುವ ನೀರು.

ಅಮ್ಮನಿಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು. ನನಗೂ ಹಾಗೆಯೇ, ಬೀಜದಂತೆ ಗಿಡ. ನೈಟ್ರೇಟ್ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಹೆಚ್ಚಾಗಿ ಗೊಬ್ಬರದಿಂದ, ಇಲ್ಲವೇ ಕಕ್ಕಸು ಗುಂಡಿಯಿಂದ ಎಂದೆ. ಎರಡನೆಯದು ಮಾತ್ರ ಅವಳ ಕಿವಿಗೆ ಬಿತ್ತು. ತಾನು ಜನ್ಮದಲ್ಲಿ ಒಂದು ಮುಷ್ಟಿ ಯೂರಿಯಾ ಮುಟ್ಟಿದವಳಲ್ಲ ಎಂಬುದು ಅವಳ ವಾದ, ಮತ್ತು ಅದು ನಿಜವೇ. ಹಾಗಾದರೆ ಉಳಿದದ್ದು ಯಾವುದು? ಗೋಡೆಯ ಆಚೆಯ ಹೊಸ ಗುಂಡಿ. ಮರುದಿನ ಬೆಳಿಗ್ಗೆ ಅಮ್ಮ ಕಿಂಡಿಯ ಬಳಿ ನಿಂತು, ಆ ಗುಂಡಿಯನ್ನು ಮುಚ್ಚಿಸದಿದ್ದರೆ ಪಾಲಿಕೆಗೆ ಹೇಳುತ್ತೇನೆ ಎಂದುಬಿಟ್ಟಳು. ಆಮೇಲೆ ಹಳೆಯ ತಗಡೊಂದನ್ನು ತಂದು ಕಿಂಡಿಗೆ ಅಡ್ಡ ಕಟ್ಟಿದಳು. ನಾನು ಹುಟ್ಟಿದಂದಿನಿಂದ ಆ ಕಿಂಡಿ ಮುಚ್ಚಿದ್ದನ್ನು ಕಂಡವಳಲ್ಲ.

ಸಂಜೆ ನಾನು ಗೇಟಿನಿಂದ ಸುತ್ತು ಹಾಕಿ ಬಾಯಮ್ಮನ ಮನೆಗೆ ಹೋದೆ. ಅವರು ಜಗಳಕ್ಕೆ ನಿಂತಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಪೊರ್ಬುಲಿಗೆ ಗಂಜಿ ತಿನ್ನಿಸುತ್ತಾ, ತಾವು ಇಬ್ಬರೂ ಬಿಜೈಯಲ್ಲಿರುವ ತಂಗಿಯ ಫ್ಲ್ಯಾಟಿಗೆ ಹೋಗಿಬಿಡುವುದೆಂದು ತೀರ್ಮಾನ ಮಾಡಿಯಾಗಿದೆ ಎಂದರು. ಗುಂಡಿ ಮುಚ್ಚಿದರೆ ಈ ಮನೆಯಲ್ಲಿ ಗಂಡನನ್ನು ನೋಡಿಕೊಳ್ಳಲಿಕ್ಕೆ ಆಗುವುದಿಲ್ಲ, ಹೋದರೆ ಮನೆಯನ್ನು ಮಾರಬೇಕಾಗುತ್ತದೆ ಎಂದೂ ಹೇಳಿದರು. ಕಪಾಟಿನ ಪಾತ್ರೆಗಳೆಲ್ಲ ಆಗಲೇ ಕೆಳಗಿಳಿದು ಪೆಟ್ಟಿಗೆ ಸೇರುತ್ತಿದ್ದವು.

"ಆ ಕೂಸಿಗಿಂತ ದೊಡ್ಡದು ಎಂತ ಉಂಟು ಮಗಾ?" ಎಂದರು. "ನಮ್ಮ ಗುಂಡಿಯೇ ಆದ್ರೆ ನಾವು ಹೋಗ್ತೇವೆ. ಆದ್ರೆ ನೀನು ಸರಿಯಾಗಿ ನೋಡಿ ಹೇಳ್ಬೇಕು. ನಮ್ಮ ಮೋರೆ ನೋಡಿ ಹೇಳ್ಬಾರ್ದು."

ಹಾಗಾದರೆ ಪರೀಕ್ಷೆಯ ಅಂಕೆ ಬರುವವರೆಗೆ ಒಂದು ಚಮಚವನ್ನೂ ಪ್ಯಾಕ್ ಮಾಡಬೇಡಿ ಎಂದು ಬೇಡಿಕೊಂಡೆ. ಅವರು ತಲೆಯಾಡಿಸಿದರು, ಆದರೆ ಪೆಟ್ಟಿಗೆ ಬಿಚ್ಚಲಿಲ್ಲ.

ನನ್ನ ಗೈಡ್ ಆಗಿದ್ದ ಪ್ರೊಫೆಸರರದ್ದು ಒಂದು ನಿಯಮ. ಅನುಮಾನ ಇರುವವನ ಮಾದರಿ ತೆಗೆದರೆ ಸಾಲದು, ಅನುಮಾನವೇ ಇಲ್ಲದವನದ್ದೂ ತೆಗೆಯಬೇಕು. ಬಾಟಲಿಯ ಮೇಲೆ ಯಾರದು ಎಂದು ಬರೆಯಬಾರದು, ಬರೀ ಅಂಕೆ. ವಿದ್ಯಾರ್ಥಿಯಾಗಿದ್ದಾಗ ಈ ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗಿದವಳು ನಾನು. ಈಗ ದಿನಕ್ಕೊಮ್ಮೆಯಾದರೂ ಅವರನ್ನು ನೆನೆದು ಕೈ ಮುಗಿಯುತ್ತೇನೆ. ಆ ನಿಯಮ ಇಲ್ಲದಿದ್ದರೆ ನಾನು ಬಾವಿ, ಗುಂಡಿ ಎರಡನ್ನೇ ನೋಡಿ ಬರುತ್ತಿದ್ದೆ.

ಗುಂಡಿಯ ಮಾದರಿ ತೆಗೆಯುವಾಗ ಮುಚ್ಚಳ ಸರಿಸಿಕೊಟ್ಟವರು ಬಾಯಮ್ಮನೇ. ಸೆರಗನ್ನು ಮೂಗಿಗೆ ಹಿಡಿದು ನಿಂತು, ಗ್ಲೋವ್ಸ್ ಹಾಕಿದ್ದೀಯಾ, ಬಗ್ಗಬೇಡ, ಆ ಕೈ ಮುಖಕ್ಕೆ ತಾಗಿಸಬೇಡ ಎಂದು ಪಾಠ ಮಾಡುತ್ತಲೇ ಇದ್ದರು. ತಮ್ಮನ್ನು ಮನೆ ಬಿಡಿಸಬಹುದಾದ ಬಾಟಲಿಯನ್ನು ನಾನು ತುಂಬುತ್ತಿದ್ದೇನೆ ಎಂಬುದು ಅವರಿಗೆ ಮರೆತೇಹೋಗಿತ್ತೋ ಏನೋ. ಸಾಬೂನು ಕೊಟ್ಟು ಕೈ ತೊಳೆಸಿ, ಉಗುರು ನೋಡಿ, ಆಮೇಲೆ ಚಾ ಕೊಟ್ಟರು.

ಓಣಿಯ ಚರಂಡಿಯದ್ದೂ ಒಂದು ಬಾಟಲಿ ತೆಗೆದೆ. ಉಳಿದದ್ದು ನಮ್ಮ ಅಂಗಳ. ಅಲ್ಲಿ ಇದ್ದದ್ದು ಮಲ್ಲಿಗೆ, ಮಲ್ಲಿಗೆಗೆ ಅಮ್ಮ ಹಾಕುವ ಹಿಂಡಿ ನೀರು. ನೆಲಕಡಲೆ ಹಿಂಡಿಯನ್ನು ಸ್ವಲ್ಪ ಸೆಗಣಿಯ ಜೊತೆ ನೀರಿನಲ್ಲಿ ಕೊಳೆಯಲು ಬಿಟ್ಟು, ಆಮೇಲೆ ತೆಳುವಾಗಿ ಕದಡಿ ಬುಡಕ್ಕೆ ಹೊಯ್ಯುವುದು ನಮ್ಮ ಕಡೆ ಮಲ್ಲಿಗೆ ಸಾಕುವ ಎಲ್ಲರ ಪದ್ಧತಿ. ವಾಸನೆ ಎಂದರೆ ಕೇಳಬೇಡಿ, ಬಂದ ನೆಂಟರು ಚಪ್ಪಲಿ ಹಾಕಿಕೊಂಡು ವಾಪಸು ಹೋಗಬೇಕು. ಅದಕ್ಕೆ ಅಮ್ಮನ ಡ್ರಮ್ಮಿಗೆ ಯಾವಾಗಲೂ ಬಿಗಿಯಾದ ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ಅದರಿಂದಲೂ ಒಂದು ಬಾಟಲಿ ಬೇಕು ಎಂದಾಗ ಅಮ್ಮ ನಕ್ಕಳು. ಹಿಂಡಿ ತಿಂದರೆ ದನ ಹಾಲು ಕೊಡುತ್ತದೆ, ಗಿಡ ಹೂ ಕೊಡುತ್ತದೆ, ಇದರಲ್ಲಿ ಎಂತ ವಿಷ ಹುಡುಕುವುದು ಮಾರಾಯ್ತಿ ಎಂದು, ಸೌಟು ತುಂಬ ಮೊಗೆದು ಧಾರಾಳವಾಗಿ ಕೊಟ್ಟಳು.

ಬಾಟಲಿಗಳಿಗೆ ಅಂಕೆ ಹಾಕುವ ಕೆಲಸವನ್ನು ಲ್ಯಾಬಿನ ಗೆಳತಿಗೆ ಒಪ್ಪಿಸಿದೆ. ಐಸೋಟೋಪ್ ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಬೇರೆ ಊರಿನಲ್ಲಿದೆ. ಬಾಟಲಿಗಳನ್ನು ಮಂಜುಗಡ್ಡೆಯಲ್ಲಿಟ್ಟು ಕಳುಹಿಸಿ ಕಾಯುವುದೊಂದೇ ದಾರಿ. ಈ ನಡುವೆ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಮಾಡಿದೆ, ಅದು ಅತ್ತಲೂ ಹೇಳಲಿಲ್ಲ ಇತ್ತಲೂ ಹೇಳಲಿಲ್ಲ. ತೆರೆದ ಬಾವಿ ಎಂದ ಮೇಲೆ ಸ್ವಲ್ಪ ಇದ್ದೇ ಇರುತ್ತದೆ.

ಆ ಕಾಯುವ ದಿನಗಳನ್ನು ನಾನು ಯಾರಿಗೂ ಬಯಸಲಾರೆ. ಗುಂಡಿಯದು ಎಂದು ಬಂದರೆ ಅದನ್ನು ಬಾಯಮ್ಮನಿಗೆ ಹೇಳಬೇಕಾದವಳು ನಾನು. ಅವರು ಚಕಾರ ಎತ್ತದೆ ಹೋಗುತ್ತಾರೆ ಎಂಬುದೂ ನನಗೆ ಗೊತ್ತು. ಬೆಳಿಗ್ಗೆ ಆಚೆಯ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಈಚೆಯದು. ಮೊದಲೆಲ್ಲ ಎರಡೂ ಒಟ್ಟಿಗೇ ಕಿರುಗುಟ್ಟಿ, ಅದರ ಮೇಲೆ ಇಬ್ಬರ ಮಾತು ಹರಿಯುತ್ತಿತ್ತು. ಈಗ ಒಬ್ಬರು ಸೇದಿ ಮುಗಿಸುವವರೆಗೆ ಇನ್ನೊಬ್ಬರು ಒಳಗೆ ಕಾಯುತ್ತಿದ್ದರು. ಮೀನು ಮಾರುವವಳು ಬಂದರೆ ಅಮ್ಮ ತನ್ನ ಬಂಗುಡೆಯನ್ನು ಮಾತ್ರ ತೆಗೆದುಕೊಂಡು ಬಾಗಿಲು ಹಾಕುವಳು. ಇಬ್ಬರಿಗೂ ಸೇರಿ ಚೌಕಾಸಿ ಮಾಡುತ್ತಿದ್ದ ಗಲಾಟೆ ಇಲ್ಲದೆ ಮೀನಿನವಳಿಗೂ ಬೇಸರವಾಗಿ, ಎಂತ ಆಯ್ತು ಇವರಿಗೆ ಎಂದು ನನ್ನನ್ನೇ ಕೇಳಿದಳು.

ಫಲಿತಾಂಶ ಬಂದದ್ದು ನಾನು ಲ್ಯಾಬಿನಲ್ಲಿರುವಾಗ. ಗೆಳತಿ ಅಂಕೆಗಳಿಗೆ ಬಾಟಲಿಗಳನ್ನು ಹೊಂದಿಸಿ ಓದಿ ಹೇಳಿದಳು. ಗುಂಡಿಯಲ್ಲಿ ಅಮೋನಿಯಾ ಆವಿಯಾಗುವಾಗ ಹಗುರದ ಸಾರಜನಕ ಮೊದಲು ಹಾರಿಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಹಾಗಾಗಿ ಗುಂಡಿಯಿಂದ ಬಂದ ನೈಟ್ರೇಟ್ ಭಾರವಾಗಿರುತ್ತದೆ. ಬಾಯಮ್ಮನ ಗುಂಡಿ ಭಾರವಾಗಿಯೇ ಇತ್ತು, ಚರಂಡಿಯೂ ಹಾಗೆಯೇ. ಬಾವಿ ಮಾತ್ರ ಹಗುರ. ಅಷ್ಟು ಹಗುರ ಬರುವುದು ಗಾಳಿಯ ಸಾರಜನಕದಿಂದ ಮಾಡಿದ ಯೂರಿಯಾದಿಂದ. ಆದರೆ ನಮ್ಮ ಅಕ್ಕಪಕ್ಕ ಯೂರಿಯಾ ಹಾಕುವವರು ಯಾರೂ ಇಲ್ಲವಲ್ಲ ಎಂದು ನಾನು ತಲೆ ಕೆರೆದುಕೊಳ್ಳುವಾಗ ಅವಳು ಕೊನೆಯ ಬಾಟಲಿಯ ಅಂಕೆಯನ್ನು ಓದಿದಳು. ಅದೂ ಹಗುರ. ಬಾವಿಗೆ ಸರಿಜೋಡಿ. ಅದು ಅಮ್ಮನ ಡ್ರಮ್ಮು.

ನೆಲಕಡಲೆ ಗಿಡ ತನ್ನ ಸಾರಜನಕವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಅದರ ಹಿಂಡಿಯೂ ಯೂರಿಯಾದ ಹಾಗೆ ಹಗುರ. ಇದನ್ನು ನಾನೇ ನನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಆ ಹಿಂಡಿ ತೆರೆದ ಪಾತ್ರೆಯಲ್ಲಿ ಕೊಳೆತಿದ್ದರೆ ಹಗುರದ್ದೆಲ್ಲ ಹಾರಿ, ಅದೂ ಗುಂಡಿಯ ಹಾಗೇ ಭಾರವಾಗಿ, ನನಗೆ ಎರಡನ್ನೂ ಬೇರೆ ಮಾಡಲಿಕ್ಕೆ ಆಗುತ್ತಿರಲಿಲ್ಲ. ಬಿಗಿ ಮುಚ್ಚಳ, ಅದರ ಮೇಲಿನ ಕಲ್ಲು, ಇವೆರಡು ಬಾಯಮ್ಮನನ್ನು ಉಳಿಸಿದವು. ವರ್ಷಗಟ್ಟಲೆ ಬಾವಿಯ ಸುತ್ತ ಹೊಯ್ದ ಹಿಂಡಿ ನೀರಿನಲ್ಲಿ ಗಿಡ ಕುಡಿದು ಬಿಟ್ಟದ್ದು ಮಣ್ಣಿನಲ್ಲಿ ನೈಟ್ರೇಟ್ ಆಗಿ, ಮಳೆಗಾಲದಲ್ಲಿ ಸದ್ದಿಲ್ಲದೆ ಕೆಳಗಿಳಿದಿತ್ತು. ಅಮ್ಮನಿಗೆ ಬಲಗೈ ದೊಡ್ಡದು. ಯಾರಿಗೆ ಬಡಿಸಿದರೂ ಹೊಟ್ಟೆ ಒಡೆಯುವಷ್ಟು; ಗಿಡಕ್ಕೂ ಹಾಗೆಯೇ ಬಡಿಸಿದ್ದಳು.

ನನಗೆ ಬಂದ ಸಂತೋಷವನ್ನು ಹೇಗೆ ಹೇಳಲಿ? ಲ್ಯಾಬಿನಲ್ಲೇ ಅತ್ತುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಮಾತ್ರ ನೆನಪಾಯಿತು, ಇನ್ನು ಅಮ್ಮನಿಗೆ ಹೇಳಬೇಕಲ್ಲ ಎಂದು.

ಅಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಹೇಳಿದೆ. ನಿನ್ನ ಮಿಷನಿಗೆ ಮಂಡೆ ಸರಿ ಇಲ್ಲ ಎಂದಳು ಮೊದಲು. ನಾನು ಹಾಳೆಯ ಮೇಲೆ ಅಂಕೆ ಬರೆದು, ಗುಂಡಿ ಇಲ್ಲಿ, ಬಾವಿ ಇಲ್ಲಿ, ಡ್ರಮ್ಮು ಇಲ್ಲಿ ಎಂದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಬೆರಳು ಹೂ ಕಟ್ಟುತ್ತಲೇ ಇತ್ತು, ಆದರೆ ಗಂಟು ಬೀಳುತ್ತಿರಲಿಲ್ಲ, ಮೊಗ್ಗುಗಳು ಮಡಿಲಿಗೆ ಉದುರುತ್ತಿದ್ದವು.

"ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು," ಎಂದಳು ಕೊನೆಗೆ. "ನಾನು ಅವರ ತಟ್ಟೆಯ ನೊಣ ಹುಡುಕಿದೆ."

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಬಾವಿಕಟ್ಟೆಯಲ್ಲಿ ತಗಡಿನ ತಂತಿ ಬಿಚ್ಚುತ್ತಿದ್ದಳು. ಆಚೆಯ ರಾಟೆ ಕಿರುಗುಟ್ಟುತ್ತಿದ್ದದ್ದು ನಿಂತಿತು. ತಗಡು ಕೆಳಗಿಳಿದಾಗ ಬಾಯಮ್ಮ ಒದ್ದೆ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದರು. ಅಮ್ಮ ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆಯನ್ನು ಕಿಂಡಿಯೊಳಗೆ ಚಾಚಿದಳು. ಬಾಯಮ್ಮ ಕೈ ನೀಡಲಿಲ್ಲ. ಹೂ ಹಿಡಿದ ಅಮ್ಮನ ಕೈ ಬಾವಿಯ ನೀರಿನ ಮೇಲೆ ಹಾಗೆಯೇ ಚಾಚಿಕೊಂಡಿತ್ತು.

"ಗುಂಡಿ ಅಲ್ಲ ಬಾಯಮ್ಮ, ನನ್ನ ಹಿಂಡಿ," ಎಂದಳು ಅಮ್ಮ ತುಳುವಿನಲ್ಲಿ. "ಕೂಸು ಕುಡಿದ ನೀರನ್ನು ಹಾಳು ಮಾಡಿದ್ದು ನಾನು. ಮತ್ತೆ ನಿಮ್ಮನ್ನು ಮನೆ ಬಿಡಿಸ್ಲಿಕ್ಕೆ ಹೊರಟಿದ್ದು ಕೂಡ ನಾನು."

ಬಾಯಮ್ಮ ನನ್ನ ಕಡೆ ನೋಡಿದರು. ಹೌದು ಎಂದು ನಾನು ತಲೆಯಾಡಿಸಿದೆ. ಅವರು ಹಗ್ಗವನ್ನು ಕಂಬಕ್ಕೆ ಸುತ್ತಿ, ಕೈ ಒರೆಸಿಕೊಂಡು, ಕಿಂಡಿಯ ಹತ್ತಿರ ಬಂದರು.

"ಗೆಲ್ಲು ಮುರಿದು ಕೊಟ್ಟದ್ದು ಯಾರು?" ಎಂದು ಕೇಳಿದರು, ತರಗತಿಯಲ್ಲಿ ಕೇಳುವ ಹಾಗೆಯೇ.

"ನೀವು," ಎಂದಳು ಅಮ್ಮ.

"ಹಿಂಡಿ ಕೊಳೆಸಿ ಹಾಕು ಅಂತ ಹೇಳಿಕೊಟ್ಟದ್ದು?"

"ನೀವೇ."

"ಮುಚ್ಚಳ ಹಾಕಿ ಮೇಲೆ ಕಲ್ಲಿಡು ಅಂದದ್ದು?"

ಬಾಯಮ್ಮ ಅಮ್ಮನ ಕೈಯನ್ನು ಹೂವಿನ ಸಮೇತ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮತ್ತೆ? ಇದೂ ಬಾವಿಯ ಹಾಗೇ ಮಾರಾಯ್ತಿ. ಅರ್ಧ ನಿಂದು, ಅರ್ಧ ನಂದು."

ಈಗ ಮಲ್ಲಿಗೆಯೆಲ್ಲ ಕುಂಡದಲ್ಲಿ, ಟೆರೇಸಿನ ಮೇಲೆ. ಹಿಂಡಿಯ ಅಳತೆ ಬಾಯಮ್ಮನ ಕೈಯಲ್ಲಿ. ಅಮ್ಮನ ಬಲಗೈಯನ್ನು ಯಾರೂ ನಂಬುವುದಿಲ್ಲ. ಬಾಯಮ್ಮನೂ ಆಮೇಲೆ ಗುಂಡಿಗೆ ತಳ ಕಟ್ಟಿಸಿ ಗಟ್ಟಿ ಮಾಡಿಸಿದರು, ಅಂಕೆ ಒಳ್ಳೆಯದು ಬಂತೆಂದು ಮೈಮರೆಯಬಾರದಲ್ಲ ಮಗಾ ಎಂದು ನನಗೇ ಬುದ್ಧಿ ಹೇಳಿ. ಬಾವಿಯ ನೈಟ್ರೇಟ್ ನಿಧಾನವಾಗಿ ಇಳಿಯುತ್ತಿದೆ. ಮಣ್ಣು ಒಮ್ಮೆ ಕುಡಿದದ್ದನ್ನು ಬಿಟ್ಟುಕೊಡಲಿಕ್ಕೆ ಸಮಯ ಹಿಡಿಯುತ್ತದೆ. ನಾನು ಊರೂರಿನ ನೀರು ಅಳೆದು ಬರೆದ ಪ್ರಬಂಧಗಳನ್ನು ಯಾರು ಓದುತ್ತಾರೋ ಬಿಡುತ್ತಾರೋ ನನಗೆ ತಿಳಿಯದು. ಈ ಒಂದು ಅಂಕೆ ಸಿಕ್ಕಿತಲ್ಲ, ಕಲಿಸಿದವರಿಗೆ, ಆ ಯಂತ್ರಕ್ಕೆ, ಡ್ರಮ್ಮಿನ ಮೇಲಿನ ಆ ಕಲ್ಲಿಗೆ ನಾನು ಋಣಿ.

ತಗಡು ಬಿಚ್ಚಿದ ಆ ಬೆಳಿಗ್ಗೆ ಬಾಯಮ್ಮ ಹೂ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆಚೆಯಿಂದ ಪೆಟ್ಟಿಗೆ ಎಳೆಯುವ ಸದ್ದು, ಆಮೇಲೆ ಪಾತ್ರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಡುವ ಸದ್ದು ಕೇಳಿತು. ನಡುವೆ ಪೊರ್ಬುಲು ತಡವರಿಸುತ್ತಾ "ಡಾಕ್ಟರ್, ಡಾಕ್ಟರ್" ಎಂದು ಕರೆದರು. ಅಮ್ಮ ಬಾವಿಕಟ್ಟೆಯ ಮೇಲೆ ಕೂತು, ಕೊನೆಯ ಪಾತ್ರೆ ಒಳಗಿಟ್ಟ ಸದ್ದು ಕೇಳುವವರೆಗೂ ಏಳಲಿಲ್ಲ.